ಈ ‘ಎಂ’ ಎಲ್ಲಿಂದ ಬಂತು?

ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಶೆಲ್ ಸ್ಕ್ರಿಪ್ಟ್ ಬರೆದು ಲಿನಕ್ಸಿನಲ್ಲಿ ಓಡಿಸಿದವರಿಗೆ ‘ಬ್ಯಾಡ್ ಇಂಟರ್‌ಪ್ರಿಟರ್’ ಅನ್ನೋ ಬೈಗುಳ ಪರಿಚಯ ಇರುತ್ತೆ. ಮೊದಲ ಸಾಲಿನಲ್ಲಿ ಬ್ಯಾಶ್ ಅಂತ ಸರಿಯಾಗೇ ಬರೆದಿದೆ, ಬ್ಯಾಶ್ ಕೂಡ ತನ್ನ ಜಾಗದಲ್ಲೇ ಇದೆ. ಆದರೂ ಸಿಗಲಿಲ್ಲ ಅನ್ನುತ್ತೆ! ಗಮನಿಸಿ ನೋಡಿದರೆ ಹೆಸರಿನ ಬಾಲಕ್ಕೆ ಒಂದು ಟೋಪಿ ಗುರುತು, ಒಂದು ‘ಎಂ’ ಅಂಟಿಕೊಂಡಿರುತ್ತೆ.

ಆ ‘ಎಂ’ನ ಮೂಲ ಟೈಪ್‌ರೈಟರಿನಲ್ಲಿದೆ. ಟೈಪಿಂಗ್ ಕ್ಲಾಸಿಗೆ ಹೋದವರಿಗೆ ನೆನಪಿರಬೇಕು: ಸಾಲು ಮುಗಿಯುವಾಗ ಟಿಣ್ ಅಂತ ಗಂಟೆ, ಆಮೇಲೆ ಎಡಗೈಯಿಂದ ಸನ್ನೆ ತಳ್ಳೋದು. ಆ ಒಂದೇ ತಳ್ಳಿಗೆ ಎರಡು ಕೆಲಸ ಆಗುತ್ತಿತ್ತು. ಕಾಗದ ಒಂದು ಸಾಲು ಮೇಲೇರುತ್ತಿತ್ತು, ಕ್ಯಾರೇಜ್ ಸಾಲಿನ ಶುರುವಿಗೆ ವಾಪಸ್ ಬರುತ್ತಿತ್ತು. ಟೆಲಿಟೈಪ್ ಯಂತ್ರಗಳು ಈ ಎರಡನ್ನೂ ಬೇರೆ ಮಾಡಿ ಒಂದೊಂದಕ್ಕೆ ಒಂದೊಂದು ಸಂಕೇತ ಕೊಟ್ಟವು. 1963ರ ಆಸ್ಕಿಯಲ್ಲಿ ಕ್ಯಾರೇಜ್ ರಿಟರ್ನಿಗೆ 13, ಲೈನ್ ಫೀಡಿಗೆ 10. ಇಂಗ್ಲಿಷ್ ಅಕ್ಷರಮಾಲೆಯ 13ನೇ ಅಕ್ಷರ ಯಾವುದು, ಬೆರಳು ಮಡಚಿ ಎಣಿಸಿ ನೋಡಿ :)

ಎರಡು ಸಂಕೇತ ಇದ್ದದ್ದರಿಂದ ಒಂದು ಅನುಕೂಲವೂ ಇತ್ತು. ಮಾಡೆಲ್ 33 ಟೆಲಿಟೈಪ್ ಸೆಕೆಂಡಿಗೆ 10 ಅಕ್ಷರ ಅಚ್ಚು ಮಾಡುತ್ತಿತ್ತು. ಬಲತುದಿಯಿಂದ ಎಡಕ್ಕೆ ಬರೋಕೆ ಒಂದು ಅಕ್ಷರದ ಹೊತ್ತು ಸಾಲುತ್ತಿರಲಿಲ್ಲ. ಹಾಗಾಗಿ ಮೊದಲು ರಿಟರ್ನ್, ಆಮೇಲೆ ಫೀಡ್. ಕಾಗದ ಏರುವಷ್ಟರಲ್ಲಿ ತಲೆ ಬಂದು ತಲುಪುತ್ತಿತ್ತು.

ದಾರಿ ಕವಲೊಡೆದದ್ದು ಮುಂದೆ. 1960ರ ದಶಕದಲ್ಲಿ ಮಲ್ಟಿಕ್ಸ್ ಕಟ್ಟಿದವರು ಕಡತದಲ್ಲಿ ಲೈನ್ ಫೀಡ್ ಒಂದೇ ಸಾಕು, ಯಂತ್ರಕ್ಕೆ ಇನ್ನೇನಾದರೂ ಬೇಕಿದ್ದರೆ ಡ್ರೈವರ್ ಸೇರಿಸಿಕೊಳ್ಳಲಿ ಅಂದರು. ಯೂನಿಕ್ಸ್ ಅದನ್ನೇ ಹಿಡಿಯಿತು. ಗ್ಯಾರಿ ಕಿಲ್ಡಾಲ್‌ರ ಸಿಪಿ/ಎಂ ಎರಡನ್ನೂ ಕಡತದಲ್ಲೇ ಇಟ್ಟಿತು, 1981ರ ಎಂಎಸ್-ಡಾಸ್ ಹಾಗೇ ನಡೆಯಿತು, ವಿಂಡೋಸಿಗೂ ಅದೇ ಬಂತು. (ಹಳೇ ಮ್ಯಾಕ್‌ನವರು ಬರೀ ರಿಟರ್ನ್ ಇಟ್ಟುಕೊಂಡಿದ್ದರು, ಅದು ಬೇರೆಯೇ ಕಥೆ.) ನನ್ನ ಓಟು ಮಲ್ಟಿಕ್ಸಿಗೆ. ಮುದ್ರಣ ಯಂತ್ರದ ಮೈಕಟ್ಟು ಬರಹದೊಳಗೆ ಯಾಕಿರಬೇಕು?

ಯೂನಿಕ್ಸಿನ ಕರ್ನಲ್ ಸ್ಕ್ರಿಪ್ಟಿನ ಮೊದಲ ಸಾಲನ್ನು ಲೈನ್ ಫೀಡ್ ಸಿಗುವ ತನಕ ಓದುತ್ತೆ. ಅದರ ಹಿಂದೆ ಕೂತ 13 ಅದಕ್ಕೆ ಹೆಸರಿನದೇ ಒಂದು ಭಾಗ. ‘ಬ್ಯಾಶ್-ಎಂ’ ಅನ್ನೋ ಪ್ರೋಗ್ರಾಮ್ ಎಲ್ಲೂ ಇಲ್ಲವಲ್ಲ! ವಿಂಡೋಸ್ ಮೇಲೇ ಓಡುವ ಸಿಗ್ವಿನ್‌ಗೂ ಇದರಿಂದ ಬಿಡುಗಡೆ ಸಿಗಲಿಲ್ಲ. ಅಲ್ಲಿನ ಬ್ಯಾಶ್‌ಗೆ ರಿಟರ್ನ್ ಕಂಡರೆ ಕಡೆಗಣಿಸು ಅಂತ ಹೇಳೋಕೆ ‘ಐಜಿಎನ್‌ಸಿಆರ್’ ಅಂತ ಒಂದು ಆಯ್ಕೆಯನ್ನೇ ಸೇರಿಸಬೇಕಾಯಿತು. ಉಳಿದವರಿಗೆ ಡಾಸ್‌ಟುಯೂನಿಕ್ಸ್ ಇದೆ, ಕಡತದ ಹೆಸರು ಕೊಟ್ಟರೆ ಎಲ್ಲ 13ನ್ನೂ ಉದುರಿಸುತ್ತೆ.

ಅಂದ ಹಾಗೆ, ನೋಟ್‌ಪ್ಯಾಡ್ ಬರೀ ಲೈನ್ ಫೀಡ್ ಇರುವ ಕಡತವನ್ನು ಸರಿಯಾಗಿ ಸಾಲು ಬಿಡಿಸಿ ತೋರಿಸೋಕೆ ಕಲಿತದ್ದು 2018ರಲ್ಲಿ. ಹೊಸ ಕಡತ ತೆರೆದರೆ ಮಾತ್ರ ಇವತ್ತಿಗೂ ಎರಡನ್ನೂ ಹಾಕುತ್ತೆ.