ಜೇನಿನ ಬೇನೆಯೂ ಜೇನಿನ ಕಲಿಕೆಯೂ

ಕನ್ನಡದಲ್ಲಿ ಹುಳುವೂ ಜೇನೇ, ಅದು ಕೂಡಿಟ್ಟ ರಸವೂ ಜೇನೇ. ಅದಕ್ಕೇ ಏನೋ, ರಸದ ಸವಿಯನ್ನು ಹಾಡಿದಷ್ಟು ನಾವು ಹುಳುವಿನ ಬುದ್ಧಿಯನ್ನು ವಿಚಾರಿಸಲಿಲ್ಲ. ವಿಚಾರಿಸಿದವರಲ್ಲಿ ಮೊದಲ ಸಾಲಿನವನು 1886ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಕಾರ್ಲ್ ಫಾನ್ ಫ್ರಿಶ್. ನೀಲಿ ಕಾಗದದ ಮೇಲೆ ಸಕ್ಕರೆನೀರಿಟ್ಟು ಜೇನುಗಳಿಗೆ ರೂಢಿಮಾಡಿಸಿದ. ಬಳಿಕ ಸಕ್ಕರೆಯಿಲ್ಲದೆ, ನಾನಾ ಬೂದು ಕಾಗದಗಳ ನಡುವೆ ನೀಲಿಯನ್ನಿಟ್ಟರೂ ಅವು ಅದನ್ನೇ ಹುಡುಕಿ ಬಂದುವು. ಜೇನಿಗೆ ಬಣ್ಣ ಕಾಣುತ್ತದೆ, ಕಂಡದ್ದನ್ನು ಅದು ಕಲಿಯುತ್ತದೆ ಎಂದು 1914ರ ಹೊತ್ತಿಗೆ ಆತ ತೋರಿಸಿಕೊಟ್ಟಿದ್ದ.

ಈ ವಿದ್ವಾಂಸನ ಬಾಳಿನಲ್ಲಿ ನನ್ನನ್ನು ಬಹಳ ಕಾಡುವುದು 1941ನೆಯ ಇಸವಿ. ಆಗ ಆತ ಮ್ಯೂನಿಕ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ. ತಾಯಿಯ ತಾಯಿ ಯಹೂದಿ ಮನೆತನದವಳೆಂದು ನಾಜಿ ಸರಕಾರ ಆತನನ್ನು ಹೊರಹಾಕಲು ಹೊರಟಿತು. (ನಾನೂ ಪಾಠ ಹೇಳುವವನು, ಅಜ್ಜಿಯ ಕುಲ ನೋಡಿ ಮೊಮ್ಮಗನ ವಿದ್ಯೆಯನ್ನು ಅಳೆಯುವ ಕಚೇರಿಯನ್ನು ನೆನೆದರೆ ಮೈ ಉರಿಯುತ್ತದೆ.) ಅದೇ ಸಮಯಕ್ಕೆ ನೊಸೀಮ ಎಂಬ ಕರುಳಿನ ಬೇನೆ ಜರ್ಮನಿಯ ಜೇನಿಗೆ ತಗುಲಿ ಲಕ್ಷಗಟ್ಟಲೆ ಗೂಡುಗಳನ್ನು ಬರಿದುಮಾಡತೊಡಗಿತ್ತು. ಯುದ್ಧದ ನಾಡಿಗೆ ಹಣ್ಣು ಬೇಕು, ಎಣ್ಣೆಬೀಜ ಬೇಕು. ಅವಕ್ಕೆ ಜೇನು ಬೇಕು. ಜೇನಿಗೆ ಫ್ರಿಶ್ ಬೇಕು! ವಜಾ ಮಾಡುವ ಮಾತು ಯುದ್ಧ ಮುಗಿಯುವವರೆಗೆ ಮುಂದಕ್ಕೆ ಹೋಯಿತು. ಬೇನೆಯ ಸಲುವಾಗಿ ಉಳಿದುಕೊಂಡವನು 1944–45ರಲ್ಲಿ ಕಂಡುಕೊಂಡದ್ದು ಬೇರೆಯೇ: ಜೇನು ಕುಣಿದು ಕುಣಿದು ಹೂವಿನ ದೂರವನ್ನೂ ದಿಕ್ಕನ್ನೂ ಒಡನಾಡಿಗಳಿಗೆ ತಿಳಿಸುತ್ತದೆ. 1973ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಬಂತು.

ಆ ನೊಸೀಮದ ದಾಯಾದಿಯೊಂದನ್ನು 1996ರಲ್ಲಿ ಚೀನದಲ್ಲಿ, ನಮ್ಮ ತುಡುವೆ ಜೇನಿನ ಜಾತಿಯ ಹುಳುಗಳಲ್ಲಿ, ಗುರುತಿಸಿದರು. ಈ ಶತಮಾನದಲ್ಲಿ ಅದು ಯೂರೋಪಿನ ಜೇನಿನಲ್ಲೂ ಕಾಣಿಸಿಕೊಂಡಿತು. ಅಷ್ಟರಲ್ಲಿ ಹೊಲಕ್ಕೆ ಹೊಸ ಕೀಟನಾಶಕಗಳೂ ಬಂದಿದ್ದುವು. ಸೂರ್ಯಕಾಂತಿಯ ಹೊಲಕ್ಕೆ ಹೋದ ಹುಳು ಮನೆಗೆ ಮರಳುತ್ತಿಲ್ಲವೆಂದು ಫ್ರಾನ್ಸಿನ ಜೇನುಸಾಕಣೆಯವರು ಗೋಳಿಟ್ಟರು. ಇಮಿಡಾಕ್ಲೋಪ್ರಿಡ್ ಲೇಪಿಸಿದ ಸೂರ್ಯಕಾಂತಿ ಬೀಜವನ್ನು 1999ರಲ್ಲಿ ಅಲ್ಲಿನ ಸರಕಾರ ತಡೆಹಿಡಿಯಿತು.

ರೋಗವೂ ವಿಷವೂ ಕೂಡಿದರೆ? ಎರಡೂ ಒಟ್ಟಿಗೆ ತಗುಲಿದ ಹುಳುಗಳು ಹೆಚ್ಚು ಸಾಯುತ್ತವೆಂದು 2010ರಲ್ಲಿ ಫ್ರಾನ್ಸಿನ ಪ್ರಯೋಗವೊಂದು ಹೇಳಿತು. ಕಲಿಕೆಯ ಮಾತು ಬೇರೆ. ಅದರ ಪರೀಕ್ಷೆ ಸರಳ: ಹುಳುವನ್ನು ಪುಟ್ಟ ಕೊಳವೆಯಲ್ಲಿ ಕೂರಿಸಿ ವಾಸನೆ ತೋರಿಸಿ ಸಕ್ಕರೆನೀರು ಕೊಡುವುದು; ಮುಂದೆ ಬರಿಯ ವಾಸನೆಗೇ ನಾಲಗೆ ಚಾಚಿದರೆ ಪಾಠ ಬಂತೆಂದರ್ಥ. 2016ರಲ್ಲಿ ಇಂಗ್ಲೆಂಡಿನ ಸಸೆಕ್ಸಿನವರು ಪ್ರಕಟಿಸಿದ ಫಲದಲ್ಲಿ, ಕ್ಲೋಥಿಯಾನಿಡಿನ್ ಉಂಡ ಜೇನಿನ ಕಲಿಕೆ ಕುಗ್ಗಿತು, ನೊಸೀಮ ಹಿಡಿದದ್ದರದು ತುಸು ಕುಗ್ಗಿತು. ಆದರೆ ಎರಡೂ ಕೂಡಿದಾಗ ಒಂದು ಇನ್ನೊಂದರ ಪೆಟ್ಟನ್ನು ಹೆಚ್ಚಿಸಲಿಲ್ಲ. ಇದನ್ನು ಸಮಾಧಾನವೆಂದು ಓದುವವರಿದ್ದಾರೆ; ನನಗೆ ಹಾಗೆ ತೋರುವುದಿಲ್ಲ. ಹೊಲದಲ್ಲಿ ಸಿಕ್ಕುವಷ್ಟೇ ವಿಷ, ರೋಗದ ನೆರವಿಲ್ಲದೆಯೇ, ಪಾಠವನ್ನು ಮಂದಮಾಡಿತಲ್ಲ! ಸತ್ತ ಹುಳುವನ್ನು ಎಣಿಸಬಹುದು. ಬದುಕಿದ್ದೂ ಹೂವಿನ ಗುರುತು ಹಿಡಿಯದ ಹುಳು ಯಾವ ಲೆಕ್ಕಕ್ಕೂ ಸಿಕ್ಕದು. ಯೂರೋಪಿನ ಒಕ್ಕೂಟ 2018ರಲ್ಲಿ ಕ್ಲೋಥಿಯಾನಿಡಿನ್ ಸೇರಿ ಇಂಥ ಮೂರು ವಿಷಗಳನ್ನು ಬಯಲಿನಲ್ಲಿ ಬಳಸಬಾರದೆಂದು ವಿಧಿಸಿತು.