ಬಿಎಸ್ಸಿ ನರ್ಸಿಂಗ್: ದುಡ್ಡು ಕಟ್ಟೋ ಮುಂಚೆ ಏನೇನು ನೋಡಬೇಕು?

ಪಿಯು ರಿಸಲ್ಟ್ ಬಂದ ವಾರದಲ್ಲೇ ಬಸ್ ಸ್ಟ್ಯಾಂಡ್ ಗೋಡೆ, ಕರೆಂಟ್ ಕಂಬದ ಮೇಲೆಲ್ಲ "ನರ್ಸಿಂಗ್ ಸೀಟ್ ಲಭ್ಯ" ಅನ್ನೋ ಪೋಸ್ಟರ್ ಕಾಣಿಸಿಕೊಳ್ಳುತ್ತವೆ. ಕೆಳಗೆ ದೊಡ್ಡದಾಗಿ ಮೊಬೈಲ್ ನಂಬರ್ ಇರುತ್ತೆ, ಕಾಲೇಜಿನ ಹೆಸರು ಮಾತ್ರ ಇರಲ್ಲ. ಫೋನ್ ಮಾಡಿದವರಿಗೆ ಮೊದಲು ಬರೋ ಮಾತು "ಅಡ್ವಾನ್ಸ್ ಹಾಕಿ ಸೀಟ್ ಬ್ಲಾಕ್ ಮಾಡ್ಕೊಳ್ಳಿ" ಅಂತ. ಅಂಗಡಿ ವ್ಯಾಪಾರದಲ್ಲಿ ಕೂಡಿಟ್ಟದ್ದೋ, ಸಂಘದ ಸಾಲವೋ, ಹೇಗೋ ಹೊಂದಿಸಿ ದುಡ್ಡು ಕಟ್ಟಿದ ಮೇಲೆ ಆ ಕೋರ್ಸ್ ಡಿಗ್ರಿಯೇ ಅಲ್ಲ ಅಂತ ಗೊತ್ತಾದರೆ ವಾಪಸ್ ಪಡೆಯೋದು ಕಷ್ಟ. ಅದಕ್ಕಿಂತ ದೊಡ್ಡ ನಷ್ಟ ಅಂದರೆ ಮಕ್ಕಳ ವರ್ಷಗಳು.

ಊರಲ್ಲಿ ಎಲ್ಲದಕ್ಕೂ "ನರ್ಸಿಂಗ್" ಅಂತಲೇ ಹೇಳೋದು. ಆದರೆ ಕೋರ್ಸ್‌ಗಳು ಬೇರೆ ಬೇರೆ. ಎಎನ್‌ಎಂ 2 ವರ್ಷದ್ದು. ಜಿಎನ್‌ಎಂ 3 ವರ್ಷದ ಡಿಪ್ಲೊಮಾ, ಇದರ ಪರೀಕ್ಷೆ ನಡೆಸೋದು ಡಿಪ್ಲೊಮಾ ಪರೀಕ್ಷಾ ಮಂಡಳಿ, ವಿಶ್ವವಿದ್ಯಾಲಯ ಅಲ್ಲ. ಬಿಎಸ್ಸಿ ನರ್ಸಿಂಗ್ 4 ವರ್ಷದ ಡಿಗ್ರಿ. ಜಿಎನ್‌ಎಂ ಮುಗಿಸಿ ರಿಜಿಸ್ಟ್ರೇಷನ್ ಆದವರು ಮುಂದೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಆಮೇಲೆ ಎಂಎಸ್ಸಿ, ಅದೂ 2 ವರ್ಷ. ಇವು ಬಿಟ್ಟು ಆರು ತಿಂಗಳು, ಒಂದು ವರ್ಷದ "ನರ್ಸಿಂಗ್ ಅಸಿಸ್ಟೆಂಟ್" ತರಬೇತಿಗಳೂ ಇವೆ. ಅಲ್ಲಿಂದ ಆಸ್ಪತ್ರೆಯಲ್ಲಿ ಸಹಾಯಕರ ಕೆಲಸ ಸಿಗಬಹುದು, ಆದರೆ ಅವರು ಕಾನೂನು ಪ್ರಕಾರ ನರ್ಸ್ ಅಲ್ಲ. ಪಿಯು ಮುಗಿಸಿದವರಿಗೆ ಕರೆಸ್ಪಾಂಡೆನ್ಸ್‌ನಲ್ಲಿ ಬಿಎಸ್ಸಿ ನರ್ಸಿಂಗ್ ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಬಹುದು. ಅಂಥದ್ದೊಂದು ಇಲ್ಲ.

ರಾಜ್ಯದಲ್ಲಿ ಬಹುಪಾಲು ನರ್ಸಿಂಗ್ ಕಾಲೇಜುಗಳು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿ ಬರುತ್ತವೆ. 1996ರಲ್ಲಿ ಶುರುವಾದ ಈ ವಿವಿಯೇ ಪರೀಕ್ಷೆ ನಡೆಸಿ ಡಿಗ್ರಿ ಕೊಡೋದು. ಮಣಿಪಾಲದ ಮಾಹೆ, ಮಂಗಳೂರಿನ ನಿಟ್ಟೆ, ಮೈಸೂರಿನ ಜೆಎಸ್‌ಎಸ್, ಬೆಳಗಾವಿಯ ಕೆಎಲ್‌ಇ ಇವೆಲ್ಲ ಡೀಮ್ಡ್ ವಿವಿಗಳು. ಅವುಗಳ ಅಡ್ಮಿಷನ್, ಪರೀಕ್ಷೆ, ಫೀಸು ಬೇರೆ.

ಬಿಎಸ್ಸಿ ನರ್ಸಿಂಗ್‌ಗೆ ಸೇರಲು ಪಿಯುನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮತ್ತು ಇಂಗ್ಲಿಷ್ ಓದಿರಬೇಕು. ಈ ವಿಷಯಗಳಲ್ಲಿ ಒಟ್ಟು ಶೇ 45 ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40. ಸೇರೋ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಹುಡುಗರೂ ಸೇರಬಹುದು, ಸೇರ್ತಾನೂ ಇದ್ದಾರೆ. ಆರ್ಟ್ಸ್, ಕಾಮರ್ಸ್ ಓದಿದವರಿಗೆ ಈ ಡಿಗ್ರಿ ದಾರಿ ಇಲ್ಲ, ಅವರಿಗೆ ಜಿಎನ್‌ಎಂ ಇದೆ. ಅಂದರೆ ನಿಜವಾದ ತೀರ್ಮಾನ ಆಗೋದು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಗೆ ಅರ್ಜಿ ತುಂಬೋ ದಿನ. ಬಯಾಲಜಿ ಇಲ್ಲದ ಕಾಂಬಿನೇಷನ್ ತಗೊಂಡು ಎರಡು ವರ್ಷ ಆದ್ಮೇಲೆ "ನರ್ಸಿಂಗ್ ಮಾಡ್ತೀನಿ" ಅಂದರೆ ಆಗಲ್ಲ.

ಇನ್ನೊಂದು ವಿಷಯ ಇನ್ನೂ ಬಹಳ ಜನಕ್ಕೆ ಗೊತ್ತಿಲ್ಲ. 2023ರಿಂದ ಬಿಎಸ್ಸಿ ನರ್ಸಿಂಗ್ ಕೂಡ ಕೆಇಎ ನಡೆಸೋ ಸಿಇಟಿ ವ್ಯಾಪ್ತಿಗೆ ಬಂದಿದೆ. ಎಂಜಿನಿಯರಿಂಗ್‌ಗೆ ಮಾತ್ರ ಸಿಇಟಿ ಅಂದುಕೊಂಡು ಅರ್ಜಿ ಹಾಕದೇ ಬಿಟ್ಟವರು ಸರ್ಕಾರಿ ಕೋಟಾದ ಸೀಟು ಕಳೆದುಕೊಳ್ಳುತ್ತಾರೆ. ಪೋಸ್ಟರ್ ನಂಬರ್‌ಗೆ ಹೆಚ್ಚಾಗಿ ಫೋನ್ ಮಾಡೋರೂ ಇವರೇ. ಸಿಇಟಿ ಅರ್ಜಿ ಕರೆಯೋದು ಪಿಯು ಪರೀಕ್ಷೆಗಿಂತ ಮುಂಚೆಯೇ. 1ರಿಂದ 10ನೇ ಕ್ಲಾಸ್‌ವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದವರಿಗೆ ಕನ್ನಡ ಮಾಧ್ಯಮ ಮೀಸಲಾತಿ ಇದೆ. ಶಾಲೆಯ ಪ್ರಮಾಣಪತ್ರಕ್ಕೆ ಬಿಇಒ ಸಹಿ ಹಾಕಿಸಬೇಕು, ಜಾತಿ-ಆದಾಯ ಪತ್ರದ ಆರ್‌ಡಿ ನಂಬರ್‌ಗೆ ನಾಡಕಚೇರಿಗೆ ಹೋಗಬೇಕು. ಕೊನೆ ವಾರದಲ್ಲಿ ಅಲ್ಲಿನ ಕ್ಯೂ ಹೇಗಿರುತ್ತೆ ಅಂತ ತಾಲ್ಲೂಕಿನವರಿಗೆ ಹೇಳಬೇಕಿಲ್ಲ.

ಸೀಟು ಸಿಕ್ತು ಅಂದುಕೊಳ್ಳೋಣ. ಕಾಲೇಜು ಎಂಥದ್ದು ಅಂತ ನೋಡೋದು ಹೇಗೆ? ಮೊದಲು ಕಾಗದ. ಸರ್ಕಾರದ ಅನುಮತಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ, ವಿವಿಯ ಸಂಯೋಜನೆ, ಈ ಮೂರೂ ಇರಬೇಕು. ಸಂಯೋಜನೆ ಆಯಾ ವರ್ಷದ್ದೇ ಇರಬೇಕು. ಹಳೇ ವರ್ಷದ ಆದೇಶಕ್ಕೆ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ನೇತುಹಾಕಿದ್ದರೆ ಅದನ್ನು ನಂಬಿ ದುಡ್ಡು ಕಟ್ಟೋ ಹಾಗಿಲ್ಲ. ಯಾವ ಕಾಲೇಜಿಗೆ ಎಷ್ಟು ಸೀಟು ಅನ್ನೋ ಪಟ್ಟಿ ವಿವಿ ವೆಬ್‌ಸೈಟ್‌ನಲ್ಲೇ ಸಿಗುತ್ತೆ, ಸೈಬರ್ ಸೆಂಟರ್‌ನಲ್ಲಿ ಹತ್ತು ನಿಮಿಷದ ಕೆಲಸ. ಪಟ್ಟಿಯಲ್ಲಿರೋ ಸೀಟಿಗಿಂತ ಜಾಸ್ತಿ ಮಕ್ಕಳನ್ನು ಸೇರಿಸಿಕೊಂಡರೆ ಹೆಚ್ಚಾದವರ ಅಡ್ಮಿಷನ್‌ಗೆ ವಿವಿ ಒಪ್ಪಿಗೆ ಸಿಗಲ್ಲ, ಪರೀಕ್ಷೆ ಬರೆಯೋಕೂ ಆಗಲ್ಲ. ಮಾನ್ಯತೆ ಕೊಡೋ ಅಧಿಕಾರ ಯಾರದು ಅಂತ ಭಾರತೀಯ ನರ್ಸಿಂಗ್ ಕೌನ್ಸಿಲ್‌ಗೂ ರಾಜ್ಯದ ಕಾಲೇಜುಗಳಿಗೂ ಹೈಕೋರ್ಟ್‌ವರೆಗೆ ವ್ಯಾಜ್ಯ ಹೋಗಿತ್ತು. ಹಾಗಾಗಿ ಬೇರೆ ರಾಜ್ಯಕ್ಕೆ, ವಿದೇಶಕ್ಕೆ ಹೋಗೋ ಆಸೆ ಇದ್ದವರು ಆ ಕೌನ್ಸಿಲ್ ಪಟ್ಟಿಯಲ್ಲೂ ಕಾಲೇಜಿನ ಹೆಸರು ಇದೆಯಾ ನೋಡಿಕೊಳ್ಳೋದು ಒಳ್ಳೇದು.

ಕಾಗದ ಆದ್ಮೇಲೆ ಆಸ್ಪತ್ರೆ. ನಿಯಮದ ಪ್ರಕಾರ ಬಿಎಸ್ಸಿ ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಮಾತೃ ಆಸ್ಪತ್ರೆ ಇರಬೇಕು. ಬೋರ್ಡ್ ಮೇಲೆ ನೂರು ಹಾಸಿಗೆ ಇದ್ದು ಒಳಗೆ ರೋಗಿಗಳೇ ಇಲ್ಲದಿದ್ದರೆ ಮಕ್ಕಳು ಕಲಿಯೋದು ಏನನ್ನ? ಫೀಸು ಕಟ್ಟೋ ಮುಂಚೆ ಒಂದು ದಿನ ಬೆಳಗ್ಗೆ ಹೇಳದೇ ಕೇಳದೇ ಹೋಗಿ ಒಪಿಡಿ ಮುಂದೆ ಅರ್ಧ ಗಂಟೆ ಕೂತರೆ ಸಾಕು. ಹೆರಿಗೆ ವಾರ್ಡ್ ನಡೀತಿದೆಯಾ, ಕ್ಲಿನಿಕಲ್ ಪೋಸ್ಟಿಂಗ್‌ಗೆ ಎಲ್ಲಿಗೆ ಕಳಿಸ್ತಾರೆ, ಬಸ್ ಯಾರದು ಅಂತ ಕೊನೆ ವರ್ಷದ ವಿದ್ಯಾರ್ಥಿಗಳನ್ನು ಕೇಳಬೇಕು, ಆಫೀಸಿನವರನ್ನಲ್ಲ. ನೋಡಿದ, ಮಾಡಿಸಿದ ಹೆರಿಗೆಯ ಲೆಕ್ಕವನ್ನು ವಿದ್ಯಾರ್ಥಿ ಲಾಗ್‌ಬುಕ್‌ನಲ್ಲಿ ಬರೀಬೇಕು. ಹೆರಿಗೆಯೇ ಆಗದ ಆಸ್ಪತ್ರೆಯಲ್ಲಿ ಅದನ್ನು ಸೀನಿಯರ್ ಬುಕ್ ನೋಡಿ ತುಂಬಬೇಕಾಗುತ್ತೆ. ಮುಂದೆ ಒಂದು ರಾತ್ರಿ ತಾಲ್ಲೂಕು ಆಸ್ಪತ್ರೆಯಲ್ಲಿ ನಿಜವಾದ ಬಾಣಂತಿಗೆ ರಕ್ತಸ್ರಾವ ಶುರುವಾದಾಗ ಲಾಗ್‌ಬುಕ್ ಸಹಾಯಕ್ಕೆ ಬರಲ್ಲ.

"ಕ್ಲಾಸಿಗೆ ಬರೋದು ಬೇಡ, ಪರೀಕ್ಷೆಗೆ ಬಂದ್ರೆ ಸಾಕು" ಅಂತ ಆಸೆ ತೋರಿಸೋರೂ ಇದ್ದಾರೆ. ಇದಕ್ಕೆ ಏಜೆಂಟರ ಭಾಷೆಯಲ್ಲಿ ನಾನ್-ಅಟೆಂಡಿಂಗ್ ಸೀಟ್ ಅಂತಾರೆ. ನಿಯಮದಲ್ಲಿ ಅಂಥದ್ದಕ್ಕೆ ಜಾಗವೇ ಇಲ್ಲ. ಪರೀಕ್ಷೆಗೆ ಕೂರಲು ಶೇ 80 ಹಾಜರಾತಿ ಬೇಕು, ಡಿಗ್ರಿ ಕೈಗೆ ಬರೋ ಮುಂಚೆ ಕ್ಲಿನಿಕಲ್ ಹಾಜರಾತಿ ಶೇ 100 ಪೂರ್ತಿ ಮಾಡಿರಬೇಕು.

2021-22ರಿಂದ ಪಾಠ ಸೆಮಿಸ್ಟರ್ ಪದ್ಧತಿಯಲ್ಲಿದೆ, ಒಟ್ಟು 8 ಸೆಮಿಸ್ಟರ್. ಮೊದಲನೇದರಲ್ಲೇ ಅನಾಟಮಿ, ಫಿಸಿಯಾಲಜಿ ಇಂಗ್ಲಿಷ್‌ನಲ್ಲಿ ಎದುರಾಗುತ್ತವೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ಆರು ತಿಂಗಳು ಭಾರವೇ, ದಡ್ಡರು ಅಂತಲ್ಲ, ಪದಗಳು ಹೊಸವು ಅಷ್ಟೇ. ಆಮೇಲೆ ಫಾರ್ಮಕಾಲಜಿ, ಮಕ್ಕಳ ಆರೈಕೆ, ಮನೋರೋಗ, ಸಮುದಾಯ ಆರೋಗ್ಯ, ಸೂಲಗಿತ್ತಿ ವಿದ್ಯೆ. ಕೊನೇ ಸೆಮಿಸ್ಟರ್ ಪೂರ್ತಿ 22 ವಾರಗಳ ಇಂಟರ್ನ್‌ಶಿಪ್. ಪಾಸಾಗಲು ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಬೇರೆ ಬೇರೆಯಾಗಿ ಶೇ 50 ಬೇಕು. ಬ್ಯಾಕ್‌ಲಾಗ್ ಉಳಿದರೂ 8 ವರ್ಷದೊಳಗೆ ಮುಗಿಸಬೇಕು.

ದುಡ್ಡಿನ ವಿಷಯ. ಫೀಸನ್ನು ಏಜೆಂಟ್ ಕೈಗೆ ಕೊಡೋದು ಬೇಡ, ಕಾಲೇಜಿನ ಖಾತೆಗೇ ಹಾಕಿ ರಸೀದಿ ಇಟ್ಟುಕೊಳ್ಳಬೇಕು. ನಾಲ್ಕೂ ವರ್ಷದ ಫೀಸು, ಹಾಸ್ಟೆಲ್, ಯೂನಿಫಾರ್ಮ್, ಪರೀಕ್ಷಾ ಫೀಸು ಎಷ್ಟಾಗುತ್ತೆ ಅಂತ ಬರಹದಲ್ಲೇ ಕೇಳಬೇಕು. "ಹಾಸ್ಟೆಲ್ ಫ್ರೀ" ಅಂದವರು ಅದನ್ನು ಬೇರೆ ಹೆಸರಲ್ಲಿ ವಸೂಲಿ ಮಾಡೋದುಂಟು. ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿ ವರ್ಷ ಅರ್ಜಿ ಹಾಕಬೇಕು. ಬ್ಯಾಂಕಿನ ಶಿಕ್ಷಣ ಸಾಲ 4 ಲಕ್ಷದವರೆಗೆ ಆಸ್ತಿ ಅಡಮಾನ ಇಲ್ಲದೆ ಸಿಗುತ್ತೆ, ಆದರೆ ಮ್ಯಾನೇಜರ್ ಮೊದಲು ಕೇಳೋದು ಕಾಲೇಜಿನ ಮಾನ್ಯತೆ ಪತ್ರವನ್ನೇ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ, ಪರಿಶೀಲನೆ ಆದ್ಮೇಲೆ ವಾಪಸ್ ತಗೊಂಡು ಬರಬೇಕು. ಅದನ್ನು ಕಾಲೇಜು ಹಿಡಿದಿಟ್ಟುಕೊಳ್ಳುವಂತಿಲ್ಲ. ಎಷ್ಟೋ ಮಕ್ಕಳು ಕಾಲೇಜು ಸರಿಯಿಲ್ಲ ಅಂತ ಗೊತ್ತಾದ್ಮೇಲೂ ಅಲ್ಲೇ ಉಳಿಯೋದು ಆ ಮಾರ್ಕ್ಸ್ ಕಾರ್ಡ್ ಕೈಗೆ ಸಿಗದೇ.

ಡಿಗ್ರಿ ಮುಗಿದ ಕೂಡಲೇ ಕೆಲಸ ಮಾಡೋ ಹಾಗಿಲ್ಲ. ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಆಗಲೇ ಹೆಸರಿನ ಮುಂದೆ ಆರ್‌ಎನ್‌ಆರ್‌ಎಂ ಬರೋದು. ಸರ್ಕಾರಿ ಆಸ್ಪತ್ರೆಯಲ್ಲಿ ಈಗ ಸ್ಟಾಫ್ ನರ್ಸ್ ಅನ್ನಲ್ಲ, ಶುಶ್ರೂಷಾಧಿಕಾರಿ ಅಂತಾರೆ. ಹಳ್ಳಿ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಗೆ ಬಿಎಸ್ಸಿ ಆದವರನ್ನು ತಗೋತಾರೆ, ಅದು ಗುತ್ತಿಗೆ ಕೆಲಸ. ಏಮ್ಸ್‌ಗಳಿಗೆ ನಾರ್ಸೆಟ್ ಪರೀಕ್ಷೆ ಇದೆ. ಅಲ್ಲಿ ಬಿಎಸ್ಸಿ ಆದವರು ನೇರ ಬರೀಬಹುದು, ಜಿಎನ್‌ಎಂ ಆದವರಿಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಅಮೆರಿಕಕ್ಕೆ ಹೋಗೋರು ಬರೆಯೋ ಎನ್‌ಕ್ಲೆಕ್ಸ್ ಪರೀಕ್ಷೆಗೆ ಬೆಂಗಳೂರಲ್ಲೇ ಕೇಂದ್ರ ಇದೆ. ಜರ್ಮನಿಗೆ ಹೋಗೋರಿಗೆ ಜರ್ಮನ್ ಭಾಷೆ ಬರಲೇಬೇಕು. ಎಲ್ಲಿಗೆ ಹೋದರೂ ಅಲ್ಲಿನವರು ಕೌನ್ಸಿಲ್ ರಿಜಿಸ್ಟ್ರೇಷನ್ ಮತ್ತು ಓದಿದ ಗಂಟೆಗಳ ಲೆಕ್ಕ ಕೇಳುತ್ತಾರೆ. ಆ ಲೆಕ್ಕಪತ್ರ ಬರೆದುಕೊಡಬೇಕಾದ್ದು ಓದಿದ ಕಾಲೇಜೇ, ಅಷ್ಟು ವರ್ಷ ಆದ್ಮೇಲೂ ಅದು ನಡೀತಾ ಇರಬೇಕು.