ಬೋರಿನ ಬಾಯಿಗೊಂದು ಮುಚ್ಚಳ

ಪುಣೆಗೆ ಬಂದು ಎಷ್ಟು ವರ್ಷವಾದರೂ ಬೇಸಿಗೆ ರಜೆ ಬಂತೆಂದರೆ ನಮ್ಮಲ್ಲಿ ಅನೇಕರು ಮಕ್ಕಳನ್ನು ಕಟ್ಟಿಕೊಂಡು ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಹೊರಡುತ್ತೇವೆ. ಅಲ್ಲಿ ಹೊಲಕ್ಕೆ ಹೋದಾಗ ನನ್ನ ಕಣ್ಣು ಮೊದಲು ಹುಡುಕುವುದು ಬೋರನ್ನು.

2006ರ ಜುಲೈಯಲ್ಲಿ ಹರಿಯಾಣದ ಕುರುಕ್ಷೇತ್ರ ಜಿಲ್ಲೆಯಲ್ಲಿ ಐದು ವರ್ಷದ ಹುಡುಗ ಕೊಳವೆ ಬಾವಿಗೆ ಬಿದ್ದ. ಸೈನಿಕರು ಪಕ್ಕದಿಂದ ಸುರಂಗ ತೋಡಿ ಸುಮಾರು 50 ಗಂಟೆಗಳ ನಂತರ ಎತ್ತಿಕೊಂಡು ಬಂದರು. ದೇಶವೆಲ್ಲ ಟಿ.ವಿ. ಮುಂದೆ ಕೂತಿತ್ತು. ಆ ಸಂತೋಷದಲ್ಲಿ, ಬಾವಿಯ ಬಾಯಿ ತೆರೆದೇ ಇತ್ತೇಕೆ ಎಂದು ಕೇಳುವುದನ್ನು ಮರೆತೆವೇನೋ.

ಉತ್ತರ ಒಕ್ಕಲುತನದ ಮನೆಯವರಿಗೆ ಗೊತ್ತು. ನೀರು ಬೀಳದಿದ್ದರೆ ಉಳಿಯುವುದು ಸಾಲ. ಕೇಸಿಂಗ್ ಪೈಪಾದರೂ ಮುಂದಿನ ಬೋರಿಗೆ ಬಂದೀತೆಂದು ಕಿತ್ತುಕೊಳ್ಳುತ್ತಾರೆ. ಮಳೆಗೆ ಮಣ್ಣು ಕುಸಿದು ತೂತು ಅಗಲವಾಗುತ್ತದೆ. ಮೇಲೊಂದು ಗೋಣಿಚೀಲ, ಅದರ ಮೇಲೊಂದು ಕಲ್ಲು. ಬೇಸಾಯಗಾರನನ್ನು ಬಯ್ಯಲು ನನಗೆ ಮನಸ್ಸಿಲ್ಲ, ಆದರೆ ಆ ಗೋಣಿಚೀಲಕ್ಕೆ ಕ್ಷಮೆಯೂ ಇಲ್ಲ.

2010ರಲ್ಲಿ ಸುಪ್ರೀಂ ಕೋರ್ಟ್ ನಿಯಮ ಮಾಡಿತು. ಕೊರೆಸುವ 15 ದಿನ ಮೊದಲೇ ಅಧಿಕಾರಿಗಳಿಗೆ ತಿಳಿಸಬೇಕು, ಸುತ್ತ ಮುಳ್ಳುತಂತಿ ಕಟ್ಟಬೇಕು, ಪೈಪಿನ ಬಾಯಿಗೆ ಉಕ್ಕಿನ ತಗಡು ಬೆಸೆಯಬೇಕು ಇಲ್ಲವೇ ನಟ್ಟು-ಬೋಲ್ಟಿನ ಗಟ್ಟಿ ಮುಚ್ಚಳ ಹಾಕಬೇಕು. ಬೇಡವಾದ ಬೋರನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಉಸುಕು, ಕಲ್ಲಿನಿಂದ ತುಂಬಿಸಬೇಕು.

ಆಮೇಲೂ 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ಆರು ವರ್ಷದ ಹುಡುಗ ಹೋದ. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಹುಡುಗಿ ಬಿದ್ದಳು. ಎರಡು ದಿನಕ್ಕೂ ಹೆಚ್ಚು ಅಗೆದರು. ಸಿಕ್ಕಿದ್ದು ಶವ.

ಬದುಕಿದವರೂ ಇದ್ದಾರೆ. ನಮ್ಮ ಪುಣೆ ಜಿಲ್ಲೆಯ ಅಂಬೇಗಾವ್ ತಾಲ್ಲೂಕಿನ ಥೋರಂದಳೆಯಲ್ಲಿ 2019ರ ಫೆಬ್ರವರಿಯಲ್ಲಿ ಆರು ವರ್ಷದ ಬಾಲಕನನ್ನು ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಸುಮಾರು 16 ಗಂಟೆಗಳಲ್ಲಿ ಹೊರತೆಗೆಯಿತು. ಆ ಪಡೆಯ 5ನೇ ಬೆಟಾಲಿಯನ್ ಇರುವುದು ಇಲ್ಲೇ ತಳೇಗಾವ್ ಹತ್ತಿರ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ತಲೆಕೆಳಗಾಗಿ ಬಿದ್ದಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆ ಕಷ್ಟಪಟ್ಟು ಉಳಿಸಿದರು. ಆದರೆ ಗಮನಿಸಿ: ಥೋರಂದಳೆಯ ಬೋರು 200 ಅಡಿ ಆಳದ್ದು, ಹುಡುಗ ಸಿಕ್ಕಿಕೊಂಡಿದ್ದು ಹತ್ತೇ ಅಡಿಯಲ್ಲಿ. ಲಚ್ಯಾಣದ ಮಗುವೂ ಬಹಳ ಕೆಳಗೆ ಜಾರಿರಲಿಲ್ಲ. ನೇರ ಇಳಿಯಲು ಆಗದು. ಪಕ್ಕದಲ್ಲಿ ಗುಂಡಿ ತೋಡಿ, ಕೊನೆಯ ಕೆಲವು ಅಡಿ ಕೈಯಿಂದಲೇ ಕೊರೆಯಬೇಕು. ನಮ್ಮ ಕಡೆಯ ಕರಿಕಲ್ಲಿನಲ್ಲಿ ಪ್ರತಿ ಅಡಿಗೂ ಹೊತ್ತು ಹಿಡಿಯುತ್ತದೆ.

ಹಾಗೇನಾದರೂ ಆದರೆ ಮೊದಲು 112ಕ್ಕೆ ಫೋನ್ ಮಾಡಿ. ಜನರನ್ನೂ ಟ್ರ್ಯಾಕ್ಟರನ್ನೂ ಬಾಯಿಯಿಂದ ದೂರ ನಿಲ್ಲಿಸಿ, ಮಣ್ಣು ಕುಸಿಯುತ್ತದೆ. ಅವಸರದಲ್ಲಿ ಹಗ್ಗ ಬಿಟ್ಟು ಎಳೆಯಬೇಡಿ. ಮಗು ಇನ್ನೂ ಕೆಳಗೆ ಜಾರಬಹುದು. ತಾಯಿ ಮೇಲಿಂದ ಮಾತಾಡಿಸುತ್ತಿರಲಿ.

ಹೋದ ಬೇಸಿಗೆ ನಮ್ಮ ಮಾವನವರ ಹೊಲದ ಬತ್ತಿದ ಬೋರನ್ನು ತುಂಬಿಸಿದೆವು. 300 ಅಡಿಯ ಬೋರಿಗೆ ಉಸುಕು, ಖಡಿ ಎಲ್ಲ ಸೇರಿ ಹಿಡಿದದ್ದು ಒಂದು ಟ್ರ್ಯಾಕ್ಟರ್ ಲೋಡು. ಮಧ್ಯಾಹ್ನದ ರೊಟ್ಟಿ ಊಟಕ್ಕೆ ಮುಂಚೆಯೇ ಕೆಲಸ ಮುಗಿದಿತ್ತು.